ಜಾನ್ ಬಿಂಗ್‌ಹ್ಯಾಮ್: ಅಮೆರಿಕದ ಸಂವಿಧಾನಕ್ಕೆ ಒಂದು ವಾಕ್ಯ ಸೇರಿಸಿದ ವಕೀಲ

2025ರ ಜನವರಿ 20ರಂದು ಡೊನಾಲ್ಡ್ ಟ್ರಂಪ್ ಎರಡನೇ ಸಲ ಅಮೆರಿಕದ ಅಧ್ಯಕ್ಷರಾದರು. ಅಂದೇ ಅವರು ಸಹಿ ಹಾಕಿದ ಒಂದು ಆದೇಶ ಅಲ್ಲಿರುವ ಭಾರತೀಯ ಕುಟುಂಬಗಳನ್ನು ಕಂಗೆಡಿಸಿತು. ತಾಯಿ ತಾತ್ಕಾಲಿಕ ವೀಸಾದಲ್ಲಿದ್ದಾರೆ, ತಂದೆ ಅಮೆರಿಕದ ಪ್ರಜೆಯಲ್ಲ, ಗ್ರೀನ್ ಕಾರ್ಡೂ ಇಲ್ಲ ಅಂದುಕೊಳ್ಳಿ. ಅಂಥ ದಂಪತಿಗೆ ಅಮೆರಿಕದಲ್ಲೇ ಮಗು ಹುಟ್ಟಿದರೂ ಅದಕ್ಕೆ ಪೌರತ್ವ ಇಲ್ಲ ಎಂದಿತು ಆ ಆದೇಶ. ಎಚ್1ಬಿ ವೀಸಾದಲ್ಲಿ ಕೆಲಸ ಮಾಡುವ ಕನ್ನಡಿಗರಿಗೂ ಇದು ಮನೆ ಬಾಗಿಲಿಗೆ ಬಂದ ಸುದ್ದಿಯೇ. ಕೋರ್ಟುಗಳು ಆದೇಶವನ್ನು ತಡೆದವು, ವಿವಾದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಆಗಿನಿಂದ ಎಲ್ಲರ ಬಾಯಲ್ಲೂ ಒಂದೇ ಹೆಸರು: 14ನೇ ತಿದ್ದುಪಡಿ.

ಈ ತಿದ್ದುಪಡಿಯ ಮೊದಲ ವಿಭಾಗದಲ್ಲಿ ಇರುವುದು ಎರಡೇ ವಾಕ್ಯ. ಪೌರತ್ವದ ಜಗಳವೆಲ್ಲ ಮೊದಲನೆಯದರ ಬಗ್ಗೆ. ಅಮೆರಿಕದಲ್ಲಿ ಹುಟ್ಟಿದವರು, ಅಲ್ಲಿನ ಕಾನೂನಿನ ವ್ಯಾಪ್ತಿಗೆ ಒಳಪಟ್ಟವರು ಅಲ್ಲಿನ ಪ್ರಜೆಗಳು ಎಂದು ಅದು ಹೇಳುತ್ತದೆ. ಅದನ್ನು ಸೆನೆಟ್‌ನಲ್ಲಿ ಮಂಡಿಸಿದವರು ಮಿಷಿಗನ್ ರಾಜ್ಯದ ಜೇಕಬ್ ಹೋವರ್ಡ್. ಎರಡನೇ ವಾಕ್ಯ ಇಷ್ಟು ಸುದ್ದಿಯಲ್ಲಿಲ್ಲ. ಆದರೆ ಅಮೆರಿಕದಲ್ಲಿ ದಿನನಿತ್ಯದ ಬದುಕನ್ನು ಜಾಸ್ತಿ ಬದಲಿಸಿದ್ದು ಅದೇ. ಅದರ ಒಂದು ತುಂಡು ಭಾರತದ ಸಂವಿಧಾನದ 14ನೇ ವಿಧಿಯಲ್ಲೂ ಕೂತಿದೆ. ಅದನ್ನು ಬರೆದವರು ಒಹಾಯೊ ರಾಜ್ಯದ ಸಣ್ಣ ಊರೊಂದರ ವಕೀಲ, ಜಾನ್ ಆರ್ಮರ್ ಬಿಂಗ್‌ಹ್ಯಾಮ್. ಅವರ ಬದುಕು ಗೊತ್ತಾದರೆ ಆ ವಾಕ್ಯ ಯಾಕೆ ಬೇಕಾಯಿತು ಎನ್ನುವುದೂ ಗೊತ್ತಾಗುತ್ತದೆ.

ವಾಕ್ಯದಲ್ಲಿ ಏನಿದೆ

ಸರಳವಾಗಿ ಹೇಳಿದರೆ ಅದು ರಾಜ್ಯ ಸರ್ಕಾರಗಳಿಗೆ ಹಾಕಿದ ಮೂರು ತಡೆ.

ಒಂದು, ಯಾವ ರಾಜ್ಯವೂ ಅಮೆರಿಕದ ಪ್ರಜೆಗಳ ಹಕ್ಕುಗಳನ್ನು ಮೊಟಕು ಮಾಡುವ ಕಾನೂನು ತರಬಾರದು. ಎರಡು, ಸರಿಯಾದ ಕಾನೂನು ಕ್ರಮ ಇಲ್ಲದೆ ಯಾವ ವ್ಯಕ್ತಿಯ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಿತ್ತುಕೊಳ್ಳಬಾರದು. ಇದನ್ನೇ ವಕೀಲರು ‘ಡ್ಯೂ ಪ್ರೊಸೆಸ್’ ಅನ್ನುತ್ತಾರೆ. ಅಂದರೆ ಆರೋಪ ಏನೆಂದು ತಿಳಿಸಬೇಕು, ಹೇಳಿಕೊಳ್ಳಲು ಅವಕಾಶ ಕೊಡಬೇಕು, ನಿಷ್ಪಕ್ಷಪಾತಿಯೊಬ್ಬರು ತೀರ್ಮಾನಿಸಬೇಕು. ಮೂರು, ತನ್ನ ವ್ಯಾಪ್ತಿಯಲ್ಲಿರುವ ಯಾವ ವ್ಯಕ್ತಿಗೂ ಕಾನೂನಿನ ಸಮಾನ ರಕ್ಷಣೆಯನ್ನು ನಿರಾಕರಿಸಬಾರದು. ಇದು ‘ಈಕ್ವಲ್ ಪ್ರೊಟೆಕ್ಷನ್’.

ಮೊದಲ ತಡೆ ‘ಪ್ರಜೆ’ಗಳ ಬಗ್ಗೆ ಹೇಳುತ್ತದೆ. ಉಳಿದೆರಡು ‘ವ್ಯಕ್ತಿ’ಯ ಬಗ್ಗೆ. ಈ ವ್ಯತ್ಯಾಸ ಆಕಸ್ಮಿಕವಲ್ಲ. ವೀಸಾದಲ್ಲಿರುವವರು ಪ್ರಜೆಗಳಲ್ಲ, ಆದರೆ ವ್ಯಕ್ತಿಗಳು ಹೌದಲ್ವಾ? ಬಿಂಗ್‌ಹ್ಯಾಮ್ ಬೇಕೆಂದೇ ಹಾಗೆ ಬರೆದರು. ಅದರ ಬೇರು ಅವರ ಬಾಲ್ಯದ ಹತ್ತಿರಕ್ಕೇ ಹೋಗುತ್ತದೆ.

ಬಡಗಿಯ ಮಗ, ಅಚ್ಚುಮೊಳೆ ಜೋಡಿಸುವ ಹುಡುಗ

ಬಿಂಗ್‌ಹ್ಯಾಮ್ ಹುಟ್ಟಿದ್ದು 1815ರ ಜನವರಿ 21ರಂದು, ಪೆನ್ಸಿಲ್ವೇನಿಯಾದ ಮರ್ಸರ್ ಎಂಬ ಊರಿನಲ್ಲಿ. ತಂದೆ ಹ್ಯೂ ಬಡಗಿ. ಹುಡುಗ ಚಿಕ್ಕವನಿದ್ದಾಗಲೇ ತಾಯಿ ತೀರಿಹೋದರು, ತಂದೆ ಮತ್ತೆ ಮದುವೆಯಾದರು. ಹುಡುಗ ಒಹಾಯೊದ ಕ್ಯಾಡಿಜ್‌ನಲ್ಲಿ ವ್ಯಾಪಾರ ಮಾಡುತ್ತಿದ್ದ ಚಿಕ್ಕಪ್ಪನ ಮನೆ ಸೇರಿದ. ಆಮೇಲೆ ಮರ್ಸರ್‌ಗೆ ಮರಳಿ ಪತ್ರಿಕೆಯೊಂದರ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸ ಕಲಿತ.

ಕ್ಯಾಡಿಜ್ ಎಲ್ಲಿದೆ ಎನ್ನುವುದು ಈ ಕಥೆಯಲ್ಲಿ ಮುಖ್ಯ. ಒಹಾಯೊದಲ್ಲಿ ಗುಲಾಮಗಿರಿ ಇರಲಿಲ್ಲ. ಸ್ವಲ್ಪ ದೂರದಲ್ಲಿ ಹರಿಯುವ ಒಹಾಯೊ ನದಿ ದಾಟಿದರೆ ಆಚೆ ಆಗಿನ ವರ್ಜೀನಿಯಾ. ಅಲ್ಲಿ ಮನುಷ್ಯರನ್ನು ಕೊಳ್ಳಬಹುದಿತ್ತು, ಮಾರಬಹುದಿತ್ತು. ಒಂದೇ ದೇಶ, ಒಂದೇ ಸಂವಿಧಾನ. ನದಿಯ ಈ ದಡದಲ್ಲಿ ಮನುಷ್ಯ, ಆ ದಡದಲ್ಲಿ ಆಸ್ತಿ.

ಬಿಂಗ್‌ಹ್ಯಾಮ್ ಓದಿದ್ದು ಕ್ಯಾಡಿಜ್ ಹತ್ತಿರದ ಫ್ರಾಂಕ್ಲಿನ್ ಕಾಲೇಜಿನಲ್ಲಿ. ಅದು ಗುಲಾಮಗಿರಿಯ ಕಡು ವಿರೋಧಿಗಳ ಕಾಲೇಜು. ಅಲ್ಲಿ ಅವರ ಸಹಪಾಠಿ ಟೈಟಸ್ ಬ್ಯಾಸ್‌ಫೀಲ್ಡ್. ಗುಲಾಮರಾಗಿದ್ದು ಬಿಡುಗಡೆ ಪಡೆದವರು, ಮುಂದೆ ಪಾದ್ರಿಯಾದವರು. ಇಬ್ಬರ ಗೆಳೆತನ ಕಾಲೇಜಿಗೇ ಮುಗಿಯಲಿಲ್ಲ. ದಶಕಗಳ ಕಾಲ ಪತ್ರ ಬರೆದುಕೊಳ್ಳುತ್ತಿದ್ದರು. 1830ರ ದಶಕದ ಅಮೆರಿಕದಲ್ಲಿ ಬಿಳಿಯ ಹುಡುಗನೊಬ್ಬ ಕಪ್ಪು ಹುಡುಗನ ಪಕ್ಕ ಕೂತು ಓದುವುದು ತೀರಾ ಅಪರೂಪ. ಬಿಂಗ್‌ಹ್ಯಾಮ್ ಮುಂದೆ ಆಡಿದ ಎಷ್ಟೋ ಮಾತಿನ ಹಿಂದೆ ಈ ಗೆಳೆತನ ಇತ್ತು ಎಂದು ನಂಬುವುದು ನನಗೆ ಕಷ್ಟವಲ್ಲ.

ಆಗ ಹೆಚ್ಚಿನವರು ವಕೀಲರಾಗುತ್ತಿದ್ದುದು ಹಿರಿಯ ವಕೀಲರ ಕಚೇರಿಯಲ್ಲಿ ಕೂತು ಓದಿ. ಬಿಂಗ್‌ಹ್ಯಾಮ್ ಕೂಡ ಹಾಗೆಯೇ ಕಲಿತು 1840ರಲ್ಲಿ ವಕೀಲರಾದರು. ಚಿಕ್ಕಪ್ಪನ ಮಗಳು ಅಮಾಂಡಾಳನ್ನು ಮದುವೆಯಾದರು. ಪಕ್ಕದ ಜಿಲ್ಲೆಯಲ್ಲಿ ಕೆಲ ವರ್ಷ ಸರ್ಕಾರಿ ವಕೀಲರಾಗಿದ್ದರು. 1854ರಲ್ಲಿ ಕಾಂಗ್ರೆಸ್‌ಗೆ ಗೆದ್ದರು. (ಇಲ್ಲಿ ಕಾಂಗ್ರೆಸ್ ಅಂದರೆ ಪಕ್ಷ ಅಲ್ಲ, ಅಮೆರಿಕದ ಸಂಸತ್ತು. ಜನಪ್ರತಿನಿಧಿಗಳ ಸಭೆ ನಮ್ಮ ಲೋಕಸಭೆಯ ಹಾಗೆ, ಸೆನೆಟ್ ಮೇಲ್ಮನೆ.) ಗುಲಾಮಗಿರಿ ಹರಡುವುದನ್ನು ತಡೆಯಬೇಕು ಎಂದು ಹುಟ್ಟಿಕೊಂಡ ಹೊಸ ರಿಪಬ್ಲಿಕನ್ ಪಕ್ಷವೇ ಅವರ ಪಕ್ಷವಾಯಿತು.

ಒಂದೇ ಬಾಗಿಲಿಗೆ ಬೀಗ

ಈಗ ಕಾನೂನಿನ ಮುಖ್ಯ ಗಂಟಿಗೆ ಬರೋಣ. ಇದು ಅರ್ಥವಾದರೆ ಉಳಿದದ್ದು ಸುಲಭ.

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಹತ್ತು ತಿದ್ದುಪಡಿಗಳು ಸೇರಿದವು. ಒಟ್ಟಾಗಿ ಅವಕ್ಕೆ ‘ಬಿಲ್ ಆಫ್ ರೈಟ್ಸ್’ ಎಂದು ಹೆಸರು. ಮಾತಿನ ಸ್ವಾತಂತ್ರ್ಯ, ಧರ್ಮದ ಸ್ವಾತಂತ್ರ್ಯ, ಜೂರಿ ಮುಂದೆ ವಿಚಾರಣೆ, ಸುಮ್ನೆ ಮನೆ ಶೋಧಿಸದಂತೆ ರಕ್ಷಣೆ ಎಲ್ಲ ಅದರಲ್ಲಿವೆ. ಆದರೆ ಈ ಹಕ್ಕುಗಳು ಯಾರ ಎದುರು ನಡೆಯುತ್ತಿದ್ದವು? ವಾಷಿಂಗ್ಟನ್‌ನ ಕೇಂದ್ರ ಸರ್ಕಾರದ ಎದುರು ಮಾತ್ರ.

ಇದನ್ನು ಖಚಿತ ಮಾಡಿದ್ದು 1833ರ ಒಂದು ಪ್ರಕರಣ. ಬಾಲ್ಟಿಮೋರ್ ಬಂದರಿನಲ್ಲಿ ಜಾನ್ ಬ್ಯಾರನ್ ಎಂಬವರಿಗೆ ಹಡಗುಕಟ್ಟೆ ಇತ್ತು. ನಗರದ ಆಡಳಿತ ರಸ್ತೆ ಕಾಮಗಾರಿಗಾಗಿ ಹಳ್ಳಗಳ ದಿಕ್ಕು ತಿರುಗಿಸಿತು. ಮರಳು ಬಂದು ಕಟ್ಟೆಯ ಬುಡದಲ್ಲಿ ತುಂಬಿತು. ನೀರಿನ ಆಳ ಕಮ್ಮಿಯಾಗಿ ಹಡಗುಗಳು ಬರುವುದು ನಿಂತಿತು. ಆಸ್ತಿ ಕಸಿದರೆ ಪರಿಹಾರ ಕೊಡಬೇಕು ಎಂದು ಬಿಲ್ ಆಫ್ ರೈಟ್ಸ್‌ನಲ್ಲಿದೆ ಎಂದು ಬ್ಯಾರನ್ ಸುಪ್ರೀಂ ಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಒಪ್ಪಲಿಲ್ಲ. ಆ ಹಕ್ಕುಗಳು ರಾಜ್ಯಗಳನ್ನಾಗಲಿ, ಅವುಗಳ ಕೆಳಗಿನ ನಗರಗಳನ್ನಾಗಲಿ ಕಟ್ಟಿಹಾಕುವುದಿಲ್ಲ ಎಂದರು.

ಮುಂಬಾಗಿಲಿಗೆ ಭದ್ರವಾದ ಬೀಗ ಹಾಕಿ ಹಿತ್ತಲ ಬಾಗಿಲನ್ನು ತೆರೆದಿಟ್ಟ ಮನೆಯ ಹಾಗೆ ಇತ್ತು ಅಮೆರಿಕದ ಪ್ರಜೆಯ ಸ್ಥಿತಿ. ಅಲ್ಲಿ ಜನರ ಬದುಕಿಗೆ ಹತ್ತಿರ ಇದ್ದದ್ದು ರಾಜ್ಯ ಸರ್ಕಾರವೇ. ಪೊಲೀಸು, ಕೋರ್ಟು, ಶಾಲೆ, ಜಮೀನು, ಮದುವೆ ಎಲ್ಲವೂ ರಾಜ್ಯದ ಕೈಯಲ್ಲಿ. ದಕ್ಷಿಣದ ರಾಜ್ಯಗಳು ಇದನ್ನು ಚೆನ್ನಾಗಿ ಬಳಸಿಕೊಂಡವು. ಗುಲಾಮರಿಗೆ ಓದು ಕಲಿಸುವುದು ಹಲವು ಕಡೆ ಅಪರಾಧ. ಗುಲಾಮಗಿರಿ ತಪ್ಪು ಎಂದು ಬರೆದು ಹಂಚುವುದೂ ಅಪರಾಧ. ಹಾಗೆ ಬರೆದ ಬಿಳಿಯರಿಗೂ ಶಿಕ್ಷೆ ಇತ್ತು. ಮಾತಿನ ಸ್ವಾತಂತ್ರ್ಯ ಸಂವಿಧಾನದಲ್ಲಿದೆ ಎಂದು ಹೇಳಿ ಉಪಯೋಗವಿರಲಿಲ್ಲ. ಅದು ರಾಜ್ಯಕ್ಕೆ ಅನ್ವಯಿಸುತ್ತಿರಲಿಲ್ಲ.

ಇದರ ಮೇಲೆ 1857ರಲ್ಲಿ, ಡ್ರೆಡ್ ಸ್ಕಾಟ್ ಎಂಬ ಗುಲಾಮರು ಬಿಡುಗಡೆ ಕೋರಿದ್ದ ಪ್ರಕರಣದ ತೀರ್ಪು ಬಂತು. ಆಫ್ರಿಕಾ ಮೂಲದವರು, ಗುಲಾಮರಾಗಿರಲಿ ಸ್ವತಂತ್ರರಾಗಿರಲಿ, ಅಮೆರಿಕದ ಪ್ರಜೆಗಳಾಗಲು ಸಾಧ್ಯವೇ ಇಲ್ಲ ಎಂದಿತು ಸುಪ್ರೀಂ ಕೋರ್ಟ್.

1859: ಒರೆಗಾನ್ ಬೇಡ ಎಂದವರು

1859ರಲ್ಲಿ ಒರೆಗಾನ್ ಹೊಸ ರಾಜ್ಯವಾಗಲು ಕಾಂಗ್ರೆಸ್ ಮುಂದೆ ಬಂತು. ಅಲ್ಲಿ ಗುಲಾಮಗಿರಿ ಇರಲಿಲ್ಲ. ಹಾಗಾಗಿ ಗುಲಾಮಗಿರಿಯ ವಿರೋಧಿಗಳು ಖುಷಿಯಿಂದ ಒಪ್ಪಬೇಕಿತ್ತು. ಆದರೆ ಒರೆಗಾನ್‌ನ ಸಂವಿಧಾನದಲ್ಲಿ ಇನ್ನೊಂದು ಮಾತಿತ್ತು. ಹೊರಗಿನಿಂದ ಬರುವ ಸ್ವತಂತ್ರ ಕಪ್ಪು ಜನ ಅಲ್ಲಿ ನೆಲೆಸುವಂತಿಲ್ಲ, ಜಮೀನು ಹೊಂದುವಂತಿಲ್ಲ, ಒಪ್ಪಂದ ಮಾಡುವಂತಿಲ್ಲ, ಕೋರ್ಟಿಗೂ ಹೋಗುವಂತಿಲ್ಲ.

ಬಿಂಗ್‌ಹ್ಯಾಮ್ ಎದ್ದು ನಿಂತು ವಿರೋಧಿಸಿದರು. ಜೀವ, ಸ್ವಾತಂತ್ರ್ಯ, ಆಸ್ತಿಯ ಹಕ್ಕು ಯಾವುದೇ ರಾಜ್ಯ ಕೊಟ್ಟ ಭಿಕ್ಷೆಯಲ್ಲ, ಮನುಷ್ಯರಾಗಿ ಹುಟ್ಟಿದ ಎಲ್ಲರಿಗೂ ಸೇರಿದ್ದು ಎನ್ನುವುದು ಅವರ ವಾದದ ತಿರುಳು. ಈ ಮೂರನ್ನೂ ಕಾಪಾಡುವ ಸಂವಿಧಾನದ ಐದನೇ ತಿದ್ದುಪಡಿಯಲ್ಲಿ ‘ಪ್ರಜೆ’ ಎಂದಿಲ್ಲ, ‘ವ್ಯಕ್ತಿ’ ಎಂದಿದೆ ಎಂಬುದನ್ನು ಅವರು ಹಿಡಿದುಕೊಂಡರು. ಮತದಾನದಲ್ಲಿ ಅವರ ಕಡೆ ಸೋತಿತು, ಒರೆಗಾನ್ ರಾಜ್ಯವಾಯಿತು. ಆದರೆ ಏಳು ವರ್ಷದ ನಂತರ ಬರೆಯಲಿದ್ದ ವಾಕ್ಯದ ಮೂಳೆ ಚೌಕಟ್ಟು ಆ ಭಾಷಣದಲ್ಲೇ ಕಾಣುತ್ತದೆ.

ಲಿಂಕನ್ ಹತ್ಯೆಯ ವಿಚಾರಣೆ

1861ರಲ್ಲಿ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಯಿತು. 1862ರ ಚುನಾವಣೆಯಲ್ಲಿ ಬಿಂಗ್‌ಹ್ಯಾಮ್ ಸೋತರು. ಅಧ್ಯಕ್ಷ ಲಿಂಕನ್ ಅವರನ್ನು ಸೇನೆಯ ಕಾನೂನು ಅಧಿಕಾರಿಯಾಗಿ ನೇಮಿಸಿದರು. 1864ರಲ್ಲಿ ಅವರು ಮತ್ತೆ ಕಾಂಗ್ರೆಸ್‌ಗೆ ಗೆದ್ದರು. ಹೊಸ ಕಾಂಗ್ರೆಸ್ ಸೇರುವ ಮೊದಲೇ, 1865ರ ಏಪ್ರಿಲ್ 14ರ ರಾತ್ರಿ, ವಾಷಿಂಗ್ಟನ್‌ನ ಫೋರ್ಡ್ಸ್ ಥಿಯೇಟರ್‌ನಲ್ಲಿ ಲಿಂಕನ್‌ಗೆ ಗುಂಡು ಬಿತ್ತು.

ಗುಂಡು ಹೊಡೆದ ಜಾನ್ ವಿಲ್ಕ್ಸ್ ಬೂತ್ ಕೆಲವೇ ದಿನದಲ್ಲಿ ಹತನಾದ. ಸಂಚಿನಲ್ಲಿದ್ದರು ಎಂದು ಎಂಟು ಜನರ ಮೇಲೆ ವಿಚಾರಣೆ ನಡೆಯಿತು. ಸರ್ಕಾರದ ಪರ ಮೂವರು ವಕೀಲರಲ್ಲಿ ಬಿಂಗ್‌ಹ್ಯಾಮ್ ಒಬ್ಬರು. ಕೊನೆಯ ವಾದ ಮಂಡಿಸಿದ್ದು ಅವರೇ. ಎಂಟೂ ಜನರಿಗೆ ಶಿಕ್ಷೆಯಾಯಿತು. ಜುಲೈ 7ರಂದು ನಾಲ್ವರನ್ನು ಗಲ್ಲಿಗೇರಿಸಲಾಯಿತು. ಅವರಲ್ಲಿ ಮೇರಿ ಸರ್ಯಾಟ್ ಎಂಬ ಮಹಿಳೆಯೂ ಇದ್ದರು. ಅಮೆರಿಕದ ಕೇಂದ್ರ ಸರ್ಕಾರ ಗಲ್ಲಿಗೇರಿಸಿದ ಮೊದಲ ಮಹಿಳೆ ಅವರು.

ಇಲ್ಲೊಂದು ವಿಷಯವನ್ನು ಮುಚ್ಚಿಡಬಾರದು. ಆ ವಿಚಾರಣೆ ನಡೆದದ್ದು ಸಾಮಾನ್ಯ ಕೋರ್ಟಿನಲ್ಲಿ ಅಲ್ಲ, ಜೂರಿ ಇಲ್ಲದ ಸೇನಾ ಆಯೋಗದ ಮುಂದೆ. ಆರೋಪಿಗಳು ಸೈನಿಕರಲ್ಲ, ನಾಗರಿಕರು. ವಾಷಿಂಗ್ಟನ್‌ನಲ್ಲಿ ಸಾಮಾನ್ಯ ಕೋರ್ಟುಗಳು ತೆರೆದೇ ಇದ್ದವು. ಹೀಗೆ ಮಾಡಬಹುದೇ ಎಂದು ಆರೋಪಿಗಳ ವಕೀಲರು ಕೇಳಿದಾಗ, ಯುದ್ಧಕಾಲದಲ್ಲಿ ಮಾಡಬಹುದು ಎಂದು ಜೋರಾಗಿ ವಾದಿಸಿದವರು ಬಿಂಗ್‌ಹ್ಯಾಮ್. ಮರುವರ್ಷ ಇನ್ನೊಂದು ಪ್ರಕರಣದಲ್ಲಿ, ಸಾಮಾನ್ಯ ಕೋರ್ಟುಗಳು ನಡೆಯುತ್ತಿರುವ ಕಡೆ ನಾಗರಿಕರನ್ನು ಹೀಗೆ ವಿಚಾರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ‘ಸರಿಯಾದ ಕಾನೂನು ಕ್ರಮ’ ಎಂದು ಸಂವಿಧಾನದಲ್ಲಿ ಬರೆಯಲಿದ್ದ ಮನುಷ್ಯನೇ ಈ ವಾದ ಮಂಡಿಸಿದರು ಎನ್ನುವುದು ಅವರ ಬದುಕಿನ ದೊಡ್ಡ ವಿರೋಧಾಭಾಸ.

1866: ವಾಕ್ಯ ಹುಟ್ಟಿದ ಬಗೆ

1865ರ ಡಿಸೆಂಬರ್‌ನಲ್ಲಿ 13ನೇ ತಿದ್ದುಪಡಿ ಜಾರಿಯಾಗಿ ಗುಲಾಮಗಿರಿ ಕೊನೆಯಾಯಿತು. ಆದರೆ ಸೋತ ದಕ್ಷಿಣದ ರಾಜ್ಯಗಳು ಅಷ್ಟರಲ್ಲೇ ಹೊಸ ಕಾನೂನುಗಳನ್ನು ತರತೊಡಗಿದ್ದವು. ಜನ ಅವನ್ನು ‘ಬ್ಲ್ಯಾಕ್ ಕೋಡ್ಸ್’ ಎಂದರು. ಮಿಸ್ಸಿಸಿಪ್ಪಿಯಲ್ಲಿ ಕಪ್ಪು ಜನ ಪ್ರತಿ ಜನವರಿಯಲ್ಲಿ ತಮಗೆ ಕೆಲಸ ಇದೆ ಎಂಬ ಪುರಾವೆ ತೋರಿಸಬೇಕಿತ್ತು. ಇಲ್ಲದವರನ್ನು ಅಲೆಮಾರಿ ಎಂದು ಹಿಡಿದು ದಂಡ ಹಾಕಬಹುದಿತ್ತು. ದಂಡ ಕಟ್ಟಲಾಗದಿದ್ದರೆ, ಅವರ ಪರವಾಗಿ ಅದನ್ನು ಕಟ್ಟಿದ ಮಾಲೀಕನ ಬಳಿ ದುಡಿಸಬಹುದಿತ್ತು. ಪಟ್ಟಣದ ಹೊರಗೆ ಜಮೀನು ಗೇಣಿಗೆ ಪಡೆಯಲೂ ಬಿಡಲಿಲ್ಲ. ಹೆಸರು ಬದಲಾಯಿತು, ನೊಗ ಉಳಿಯಿತು.

ದಕ್ಷಿಣದ ಸ್ಥಿತಿ ಪರಿಶೀಲಿಸಲು ಕಾಂಗ್ರೆಸ್ 15 ಜನರ ಜಂಟಿ ಸಮಿತಿ ಮಾಡಿತು. ಬಿಂಗ್‌ಹ್ಯಾಮ್ ಅದರ ಸದಸ್ಯ. ಅದೇ ಹೊತ್ತಿಗೆ ಕಪ್ಪು ಜನರಿಗೆ ಸಮಾನ ಹಕ್ಕು ಕೊಡುವ ಒಂದು ಮಸೂದೆಯೂ ಬಂತು. ಬಿಂಗ್‌ಹ್ಯಾಮ್ ಅದರ ವಿರುದ್ಧ ಮತ ಹಾಕಿದರು! ಉದ್ದೇಶ ಬೇಡ ಎಂದಲ್ಲ. ರಾಜ್ಯಗಳ ಮೇಲೆ ಹೀಗೆ ಕಾನೂನು ಹೇರುವ ಅಧಿಕಾರ ಕಾಂಗ್ರೆಸ್‌ಗೆ ಸಂವಿಧಾನದಲ್ಲಿ ಇಲ್ಲ, ಮೊದಲು ಸಂವಿಧಾನವನ್ನೇ ಬದಲಿಸಬೇಕು ಎನ್ನುವುದು ಅವರ ನಿಲುವು. ಸಾಮಾನ್ಯ ಕಾನೂನನ್ನು ನಾಳೆ ಬಹುಮತ ಬಂದವರು ತೆಗೆದುಹಾಕಬಹುದು. ಸಂವಿಧಾನದಿಂದ ತೆಗೆಯುವುದು ಅಷ್ಟು ಸುಲಭವಲ್ಲ.

1866ರ ಫೆಬ್ರವರಿಯಲ್ಲಿ ಅವರು ತಂದ ಮೊದಲ ಕರಡು ಬೇರೆ ಥರ ಇತ್ತು. ಹಕ್ಕು ಕಾಪಾಡುವ ಕಾನೂನು ಮಾಡಲು ‘ಕಾಂಗ್ರೆಸ್‌ಗೆ ಅಧಿಕಾರ ಇದೆ’ ಎಂದು ಅದು ಶುರುವಾಗುತ್ತಿತ್ತು. ಇದು ಕೇಂದ್ರಕ್ಕೆ ಅತಿ ಅಧಿಕಾರ ಕೊಡುತ್ತದೆ ಎಂದು ಸ್ವಪಕ್ಷದವರೇ ಹಿಂಜರಿದರು. ಕರಡು ಪಕ್ಕಕ್ಕೆ ಹೋಯಿತು.

ಆಗ ಬಿಂಗ್‌ಹ್ಯಾಮ್ ಹಳೆಯ ಬ್ಯಾರನ್ ತೀರ್ಪನ್ನು ಮತ್ತೆ ಓದಿದರು. ಅದರಲ್ಲಿ ಮಾರ್ಷಲ್ ಒಂದು ಸುಳಿವು ಬಿಟ್ಟಿದ್ದರು. ಸಂವಿಧಾನ ಬರೆದವರಿಗೆ ರಾಜ್ಯಗಳನ್ನು ತಡೆಯಬೇಕು ಅನ್ನಿಸಿದ ಕಡೆ ‘ಯಾವ ರಾಜ್ಯವೂ ಮಾಡಬಾರದು’ ಎಂದು ನೇರವಾಗಿ ಬರೆದಿದ್ದಾರೆ, ಬಿಲ್ ಆಫ್ ರೈಟ್ಸ್‌ನಲ್ಲಿ ಹಾಗೆ ಬರೆದಿಲ್ಲ ಎಂದಿದ್ದರು ಅವರು. ಸರಿ, ಹಾಗಾದರೆ ಹಾಗೇ ಬರೆಯೋಣ ಎಂದು ಬಿಂಗ್‌ಹ್ಯಾಮ್ ಹೊಸ ವಾಕ್ಯವನ್ನು ‘ಯಾವ ರಾಜ್ಯವೂ’ ಎಂದೇ ಶುರುಮಾಡಿದರು. ಇದು ಊಹೆಯಲ್ಲ, 1871ರ ಭಾಷಣದಲ್ಲಿ ಅವರೇ ವಿವರಿಸಿದ್ದಾರೆ. ಬೀಗ ಬಿದ್ದಿಲ್ಲ ಎಂದು ಹೇಳಿದ ತೀರ್ಪಿನಲ್ಲೇ ಬೀಗ ಮಾಡುವ ವಿಧಾನ ಹುಡುಕಿದ ಈ ಕೆಲಸ ನನಗೆ ಅವರ ವಕೀಲಿಕೆಯ ಶಿಖರ ಅನ್ನಿಸುತ್ತದೆ.

ಜೂನ್ 13ರಂದು ಜನಪ್ರತಿನಿಧಿಗಳ ಸಭೆ 120-32 ಮತಗಳಿಂದ ಅಂತಿಮ ಒಪ್ಪಿಗೆ ಕೊಟ್ಟಿತು. ಆಮೇಲೆ ನಾಲ್ಕರಲ್ಲಿ ಮೂರು ಭಾಗ ರಾಜ್ಯಗಳು ಒಪ್ಪಬೇಕಿತ್ತು. ದಕ್ಷಿಣದ ಹೆಚ್ಚಿನ ರಾಜ್ಯಗಳು ತಿರಸ್ಕರಿಸಿದವು. ತಿದ್ದುಪಡಿ ಒಪ್ಪದಿದ್ದರೆ ನಿಮಗೆ ಕಾಂಗ್ರೆಸ್‌ನಲ್ಲಿ ಜಾಗವಿಲ್ಲ ಎಂದು ಕಾಂಗ್ರೆಸ್ 1867ರಲ್ಲಿ ಷರತ್ತು ಹಾಕಿತು. 1868ರ ಜುಲೈ 9ಕ್ಕೆ ಬೇಕಾದಷ್ಟು ರಾಜ್ಯಗಳ ಒಪ್ಪಿಗೆ ಸಿಕ್ಕಿತು.

ವಾಕ್ಯದ ಹೊರಗೆ ಉಳಿದವರು

ಅದೇ ವರ್ಷ ಕಾಂಗ್ರೆಸ್ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಮೇಲೆ ವಾಗ್ದಂಡನೆ ತಂದಿತು. ಯುದ್ಧ ಸಚಿವ ಎಡ್ವಿನ್ ಸ್ಟಾಂಟನ್ ಅವರನ್ನು ತೆಗೆದುಹಾಕಿದ್ದು ಮುಖ್ಯ ಆರೋಪ. ಸ್ಟಾಂಟನ್ ಕೂಡ ಹಿಂದೆ ಕ್ಯಾಡಿಜ್‌ನಲ್ಲೇ ವಕೀಲಿಕೆ ಮಾಡಿದವರು. ಸೆನೆಟ್ ಮುಂದೆ ಕೊನೆಯ ವಾದ ಬಿಂಗ್‌ಹ್ಯಾಮ್ ಅವರದು, ಮೂರು ದಿನ ಮಾತಾಡಿದರು. ಒಂದೇ ಒಂದು ಮತದ ಕೊರತೆಯಿಂದ ಜಾನ್ಸನ್ ಉಳಿದುಕೊಂಡರು.

‘ಯಾವ ವ್ಯಕ್ತಿಗೂ’ ಎಂದು ಬರೆದ ಮೇಲೆ ಹೆಂಗಸರು? 1871ರ ಜನವರಿಯಲ್ಲಿ ವಿಕ್ಟೋರಿಯಾ ವುಡ್‌ಹಲ್ ಎಂಬಾಕೆ ಕಾಂಗ್ರೆಸ್‌ನ ನ್ಯಾಯಾಂಗ ಸಮಿತಿಯ ಎದುರು ನಿಂತರು. ಹೆಂಗಸರೂ ಪ್ರಜೆಗಳು, ಹಾಗಾಗಿ 14ನೇ ತಿದ್ದುಪಡಿಯ ಪ್ರಕಾರ ನಮಗೂ ಮತ ಹಾಕುವ ಹಕ್ಕಿದೆ ಎಂದು ವಾದಿಸಿದರು. ಸಮಿತಿಯ ಅಧ್ಯಕ್ಷ ಬಿಂಗ್‌ಹ್ಯಾಮ್. ಅವರು ಬರೆದ ವರದಿ ಆ ಬೇಡಿಕೆಯನ್ನು ತಳ್ಳಿಹಾಕಿತು. ಹೆಂಗಸರಿಗೆ ಮತದಾನದ ಹಕ್ಕು ಕೊಡುವ ತಿದ್ದುಪಡಿ ಬಂದದ್ದು 1920ರಲ್ಲಿ. ತಾನು ಬರೆದ ವಾಕ್ಯ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಬರೆದವರೇ ಪೂರ್ತಿ ಒಪ್ಪಿರಲಿಲ್ಲ.

ಕೋರ್ಟು ಕೈಬಿಟ್ಟಿತು, ಬಿಂಗ್‌ಹ್ಯಾಮ್ ಜಪಾನಿಗೆ ಹೋದರು

1872ರಲ್ಲಿ ಪಕ್ಷ ಅವರಿಗೆ ಮತ್ತೆ ಟಿಕೆಟ್ ಕೊಡಲಿಲ್ಲ. ಕ್ರೆಡಿಟ್ ಮೊಬಿಲಿಯೆ ಎಂಬ ರೈಲ್ವೆ ಷೇರು ಹಗರಣದಲ್ಲಿ ಹಲವು ಸಂಸದರ ಹೆಸರು ಬಂತು, ಷೇರು ಹೊಂದಿದ್ದ ಬಿಂಗ್‌ಹ್ಯಾಮ್ ಹೆಸರೂ ಇತ್ತು. 1873ರಲ್ಲಿ ಅಧ್ಯಕ್ಷ ಗ್ರಾಂಟ್ ಅವರನ್ನು ಜಪಾನಿನಲ್ಲಿ ಅಮೆರಿಕದ ರಾಯಭಾರಿಯಾಗಿ ಕಳಿಸಿದರು.

ಆ ವರ್ಷದ ಏಪ್ರಿಲ್ ತಿಂಗಳು ಅವರ ವಾಕ್ಯಕ್ಕೆ ಕೆಟ್ಟ ತಿಂಗಳು. 13ರಂದು ಲೂಸಿಯಾನಾದ ಕೋಲ್‌ಫ್ಯಾಕ್ಸ್‌ನಲ್ಲಿ ಸಶಸ್ತ್ರ ಬಿಳಿಯರ ಗುಂಪು ಹತ್ತಾರು ಕಪ್ಪು ಜನರನ್ನು ಕೊಂದಿತು. ಮರುದಿನ, 14ರಂದು, ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅದು ನ್ಯೂ ಆರ್ಲಿಯನ್ಸ್‌ನ ಕಸಾಯಿಗಳ ಮೊಕದ್ದಮೆ. ರಾಜ್ಯ ಸರ್ಕಾರ ಕಸಾಯಿಖಾನೆಯ ವ್ಯವಹಾರವನ್ನೆಲ್ಲ ಒಂದೇ ಕಂಪನಿಗೆ ಕೊಟ್ಟಿತ್ತು. ನಮ್ಮ ಕಸುಬಿನ ಹಕ್ಕು ಹೋಯಿತು ಎಂದು ಕಸಾಯಿಗಳು 14ನೇ ತಿದ್ದುಪಡಿ ಹಿಡಿದು ಬಂದಿದ್ದರು. 5-4ರ ಅಂತರದಿಂದ ಅವರು ಸೋತರು. ಸೋತದ್ದು ಅವರಷ್ಟೇ ಅಲ್ಲ. ಪ್ರಜೆಗಳ ಹಕ್ಕು ಮೊಟಕು ಮಾಡಬಾರದು ಎಂಬ ಮೊದಲ ತಡೆಗೆ ಕೋರ್ಟ್ ಎಷ್ಟು ಚಿಕ್ಕ ಅರ್ಥ ಕೊಟ್ಟಿತು ಎಂದರೆ ಅದರಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಇಂದಿಗೂ ಅದು ಹಾಗೇ ಸೊರಗಿದೆ.

1876ರಲ್ಲಿ ಕೋಲ್‌ಫ್ಯಾಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ತಿದ್ದುಪಡಿ ತಡೆಯುವುದು ರಾಜ್ಯಗಳನ್ನು, ಖಾಸಗಿ ಜನರನ್ನಲ್ಲ ಎಂದ ಕೋರ್ಟ್, ಶಿಕ್ಷೆಗೊಳಗಾಗಿದ್ದವರನ್ನು ಬಿಟ್ಟಿತು. 1896ರಲ್ಲಿ ಇನ್ನೊಂದು ಪೆಟ್ಟು. ರೈಲಿನಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಬೋಗಿ ಇಡಬಹುದು, ಅದು ಸಮಾನತೆಗೆ ವಿರುದ್ಧವಲ್ಲ ಎಂದಿತು ಕೋರ್ಟ್.

ಬಿಂಗ್‌ಹ್ಯಾಮ್ ಜಪಾನಿನಲ್ಲಿ 12 ವರ್ಷ ಇದ್ದರು. ಅಲ್ಲೂ ಅವರ ಸ್ವಭಾವ ಬದಲಾಗಲಿಲ್ಲ. ಪಾಶ್ಚಾತ್ಯ ದೇಶಗಳು ಜಪಾನಿನ ಮೇಲೆ ಅಸಮಾನ ಒಪ್ಪಂದಗಳನ್ನು ಹೇರಿದ್ದವು. ತನ್ನ ಬಂದರಿಗೆ ಬರುವ ಸರಕಿಗೆ ಎಷ್ಟು ಸುಂಕ ಎಂದು ನಿರ್ಧರಿಸುವ ಅಧಿಕಾರವೂ ಜಪಾನಿಗೆ ಇರಲಿಲ್ಲ. ಇದು ಅನ್ಯಾಯ ಎಂದು ಬಿಂಗ್‌ಹ್ಯಾಮ್ ಬೇರೆ ರಾಯಭಾರಿಗಳ ಎದುರು ನಿಂತರು. ಆ ಅಧಿಕಾರ ಮರಳಿಸುವ ಒಪ್ಪಂದಕ್ಕೆ 1878ರಲ್ಲಿ ಅಮೆರಿಕ ಸಹಿ ಹಾಕಿತು. ಉಳಿದ ದೇಶಗಳು ಒಪ್ಪದ ಕಾರಣ ಅದು ಜಾರಿಗೆ ಬರಲಿಲ್ಲ. 1885ರಲ್ಲಿ ಅವರು ಕ್ಯಾಡಿಜ್‌ಗೆ ಮರಳಿದರು. 1900ರ ಮಾರ್ಚ್ 19ರಂದು, 85ನೇ ವಯಸ್ಸಿನಲ್ಲಿ ಅಲ್ಲೇ ತೀರಿಹೋದರು. ಆಗ ಅವರ ವಾಕ್ಯ ಪುಸ್ತಕದಲ್ಲಿತ್ತು, ಬದುಕಿನಲ್ಲಿ ಬಹುಪಾಲು ಸತ್ತಿತ್ತು.

ವಾಕ್ಯಕ್ಕೆ ಜೀವ ಬಂದದ್ದು ಹೇಗೆ

ಪೂರ್ತಿ ಸತ್ತಿರಲಿಲ್ಲ ಎನ್ನಲು ಒಂದು ಪ್ರಕರಣ ಇದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮರದ ಕಟ್ಟಡದಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸಲು ಪರವಾನಗಿ ಬೇಕಿತ್ತು. ಬಿಳಿಯರಿಗೆ ಸಿಗುತ್ತಿತ್ತು, ಚೀನೀಯರಿಗೆ ಸಿಗುತ್ತಿರಲಿಲ್ಲ. 1886ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಪ್ಪು ಎಂದಿತು. ಚೀನೀಯರು ಪ್ರಜೆಗಳಲ್ಲ, ಆದರೆ ತಿದ್ದುಪಡಿ ‘ಯಾವ ವ್ಯಕ್ತಿಗೂ’ ಎನ್ನುತ್ತದೆ ಎಂದು ಒತ್ತಿ ಹೇಳಿತು. 1982ರಲ್ಲಿ ದಾಖಲೆಯಿಲ್ಲದೆ ಬಂದವರ ಮಕ್ಕಳನ್ನು ಟೆಕ್ಸಾಸ್ ಸರ್ಕಾರಿ ಶಾಲೆಯಿಂದ ಹೊರಗಿಡುವಂತಿಲ್ಲ ಎಂದಾಗಲೂ ಕೋರ್ಟ್ ನಿಂತದ್ದು ಇದೇ ನೆಲೆಯ ಮೇಲೆ. ಇಂದು ವೀಸಾದಲ್ಲಿರುವ ನಮ್ಮವರಿಗೂ ಅಲ್ಲಿನ ರಾಜ್ಯ ಸರ್ಕಾರದ ಎದುರು ಇರುವ ರಕ್ಷಣೆ ಈ ಮಾತಿನಿಂದಲೇ ಬಂದದ್ದು.

20ನೇ ಶತಮಾನದಲ್ಲಿ ಕೋರ್ಟ್ ಎರಡನೇ ತಡೆಯ ಮೂಲಕ, ಅಂದರೆ ಡ್ಯೂ ಪ್ರೊಸೆಸ್ ಮೂಲಕ, ಬಿಲ್ ಆಫ್ ರೈಟ್ಸ್‌ನ ಹಕ್ಕುಗಳನ್ನು ಒಂದೊಂದಾಗಿ ರಾಜ್ಯಗಳಿಗೂ ಅನ್ವಯಿಸಿತು. 1925ರಲ್ಲಿ ಮಾತಿನ ಸ್ವಾತಂತ್ರ್ಯ. 1963ರಲ್ಲಿ ಬಡ ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ವಕೀಲ. ಆ ಹಕ್ಕು ಸಿಕ್ಕಿದ್ದು ಕ್ಲಾರೆನ್ಸ್ ಗಿಡಿಯನ್ ಎಂಬ ಕೈದಿ ಫ್ಲಾರಿಡಾದ ಜೈಲಿನಿಂದ ಪೆನ್ಸಿಲ್‌ನಲ್ಲಿ ಬರೆದ ಅರ್ಜಿಯಿಂದ. ಮೂರನೇ ತಡೆಯಿಂದ 1954ರಲ್ಲಿ ಶಾಲೆಗಳ ವರ್ಣಭೇದ ಬಿದ್ದಿತು. 1967ರಲ್ಲಿ ಕಪ್ಪು-ಬಿಳಿಯರ ಮದುವೆಗೆ ಇದ್ದ ನಿಷೇಧವೂ ಹೋಯಿತು.

ಬಿಲ್ ಆಫ್ ರೈಟ್ಸ್ ಪೂರ್ತಿಯಾಗಿ ರಾಜ್ಯಗಳಿಗೆ ಅನ್ವಯಿಸಬೇಕು, ಬಿಂಗ್‌ಹ್ಯಾಮ್ ಬಯಸಿದ್ದು ಅದೇ ಎಂದು 1947ರಲ್ಲಿ ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್ ಭಿನ್ನ ತೀರ್ಪಿನಲ್ಲಿ ಬರೆದರು. ಮೂಲ ಸಂವಿಧಾನಕ್ಕೆ ಅದರ ಮುಖ್ಯ ಶಿಲ್ಪಿ ಜೇಮ್ಸ್ ಮ್ಯಾಡಿಸನ್ ಹೇಗೋ, ಈ ತಿದ್ದುಪಡಿಯ ಮೊದಲ ವಿಭಾಗಕ್ಕೆ ಬಿಂಗ್‌ಹ್ಯಾಮ್ ಹಾಗೆ ಎಂದರು. ಹೀಗೆ ಬರೆದ ಬ್ಲ್ಯಾಕ್ ಒಂದು ಕಾಲದಲ್ಲಿ ಬಿಳಿಯರೇ ಮೇಲು ಎನ್ನುವ ಹಿಂಸಾತ್ಮಕ ಗುಂಪಾದ ಕು ಕ್ಲಕ್ಸ್ ಕ್ಲಾನ್ ಸದಸ್ಯರಾಗಿದ್ದವರು. ಅದೇ ಪ್ರಕರಣದಲ್ಲಿ ಅವರ ವಾದವನ್ನು ಒಪ್ಪದೆ ಬರೆದ ನ್ಯಾಯಮೂರ್ತಿ ಫೀಲಿಕ್ಸ್ ಫ್ರಾಂಕ್‌ಫರ್ಟರ್.

ಮಂಗಳೂರಿನಲ್ಲಿ ಹುಟ್ಟಿದ ಸಲಹೆಗಾರ, ವಾಷಿಂಗ್ಟನ್‌ನ ನ್ಯಾಯಮೂರ್ತಿ

ಫ್ರಾಂಕ್‌ಫರ್ಟರ್ ಹೆಸರು ನೆನಪಿಡಿ. ಅದೇ 1947ರ ಕೊನೆಯಲ್ಲಿ ಅವರನ್ನು ಕಾಣಲು ಭಾರತದಿಂದ ಒಬ್ಬರು ಹೋದರು: ಬೆನಗಲ್ ನರಸಿಂಗ ರಾವ್. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಇವರು ನಮ್ಮ ಸಂವಿಧಾನ ಸಭೆಯ ಸಲಹೆಗಾರರು. ಬೇರೆ ದೇಶಗಳ ಅನುಭವ ಕೇಳಿ ತಿಳಿಯಲು ಅಮೆರಿಕ, ಕೆನಡಾ, ಐರ್ಲೆಂಡ್ ಸುತ್ತಿದರು.

ಆಗ ನಮ್ಮ ಕರಡಿನಲ್ಲಿ ಬಿಂಗ್‌ಹ್ಯಾಮ್ ವಾಕ್ಯದ ಎರಡು ತುಂಡುಗಳಿದ್ದವು, ಸಮಾನ ರಕ್ಷಣೆ ಮತ್ತು ಡ್ಯೂ ಪ್ರೊಸೆಸ್. ಎರಡನೆಯದರ ಬಗ್ಗೆ ಫ್ರಾಂಕ್‌ಫರ್ಟರ್ ಎಚ್ಚರಿಸಿದರು. ಅದು ಜನ ಆರಿಸಿದ ಶಾಸನಸಭೆಯ ಮೇಲೆ ನ್ಯಾಯಾಧೀಶರಿಗೆ ಅತಿಯಾದ ಅಧಿಕಾರ ಕೊಡುತ್ತದೆ ಎನ್ನುವುದು ಅವರ ಮಾತು. ಅದಕ್ಕೆ ಕಾರಣವಿತ್ತು. 1905ರಲ್ಲಿ ನ್ಯೂಯಾರ್ಕ್ ರಾಜ್ಯ ಬೇಕರಿ ಕೆಲಸಗಾರರಿಗೆ ದಿನಕ್ಕೆ 10 ಗಂಟೆಯ ಮಿತಿ ಹಾಕಿದ್ದನ್ನು ಅಮೆರಿಕದ ಕೋರ್ಟ್ ಡ್ಯೂ ಪ್ರೊಸೆಸ್ ಹೆಸರಿನಲ್ಲೇ ಹೊಡೆದುಹಾಕಿತ್ತು. ಭಾರತದ ಮುಂದೆ ಜಮೀನ್ದಾರಿ ರದ್ದು, ಭೂಸುಧಾರಣೆಯ ಕೆಲಸ ಇತ್ತು. ಕೋರ್ಟುಗಳು ಅದನ್ನೆಲ್ಲ ತಡೆದರೆ ಎಂಬ ಭಯ ನಿಜವಾದದ್ದು.

ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಆ ತುಂಡನ್ನು ತೆಗೆಯಿತು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ 21ನೇ ವಿಧಿಯಲ್ಲಿ ‘ಕಾನೂನಿನಲ್ಲಿ ನಿಗದಿಯಾದ ಕ್ರಮ’ ಎಂಬ ಮಾತು ಬಂತು. ಇದಕ್ಕೆ ಮಾದರಿ 1946ರ ಜಪಾನಿನ ಸಂವಿಧಾನ. ಅಂದರೆ ಶಾಸನಸಭೆ ಒಂದು ಕ್ರಮ ಮಾಡಿದ್ದರೆ ಸಾಕು, ಅದು ನ್ಯಾಯವಾಗಿದೆಯೇ ಎಂದು ಕೋರ್ಟ್ ಕೇಳಬೇಕಿಲ್ಲ. 1950ರಲ್ಲಿ, ವಿಚಾರಣೆಯಿಲ್ಲದೆ ಬಂಧನದಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಬಹುಮಟ್ಟಿಗೆ ಹಾಗೇ ಓದಿತು.

ಇನ್ನೊಂದು ತುಂಡು ಮಾತ್ರ ಉಳಿಯಿತು. ‘ಕಾನೂನಿನ ಮುಂದೆ ಸಮಾನತೆ’ ಎಂಬ ಬ್ರಿಟಿಷ್ ಪರಂಪರೆಯ ಮಾತಿನ ಜೊತೆ ‘ಕಾನೂನುಗಳ ಸಮಾನ ರಕ್ಷಣೆ’ ಎಂಬ ಬಿಂಗ್‌ಹ್ಯಾಮ್ ಮಾತು ಸೇರಿ ನಮ್ಮ 14ನೇ ವಿಧಿಯಾಯಿತು. ನಮ್ಮಲ್ಲೂ ಅದು ಪ್ರಜೆಗೆ ಮಾತ್ರ ಅಲ್ಲ, ಭಾರತದ ನೆಲದಲ್ಲಿರುವ ಯಾವುದೇ ವ್ಯಕ್ತಿಗೆ. 1977ರಲ್ಲಿ ಸರ್ಕಾರ ಮನೇಕಾ ಗಾಂಧಿಯವರ ಪಾಸ್‌ಪೋರ್ಟನ್ನು ಕಾರಣ ಹೇಳದೆ ವಶಕ್ಕೆ ಪಡೆಯಿತು. ಮರುವರ್ಷದ ಜನವರಿಯಲ್ಲಿ ಬಂದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 14 ಮತ್ತು 21ನೇ ವಿಧಿಗಳನ್ನು ಒಟ್ಟಿಗೆ ಓದಿತು. ಮನಬಂದಂತೆ ನಡೆಯುವುದು ಸಮಾನತೆಗೆ ವಿರುದ್ಧ, ಹಾಗಾಗಿ 21ನೇ ವಿಧಿಯ ‘ಕ್ರಮ’ವೂ ನ್ಯಾಯಯುತವಾಗಿರಲೇಬೇಕು ಎಂದಿತು. 1947ರಲ್ಲಿ ಫ್ರಾಂಕ್‌ಫರ್ಟರ್ ಬೇಡ ಎಂದದ್ದು ಬಹುಪಾಲು ಹೀಗೆ ಭಾರತಕ್ಕೆ ಬಂತು. ಅದನ್ನು ಒಳಗೆ ಕರೆತಂದದ್ದು ಬಿಂಗ್‌ಹ್ಯಾಮ್ ವಾಕ್ಯದಿಂದ ನಾವು ಉಳಿಸಿಕೊಂಡಿದ್ದ ಆ ಇನ್ನೊಂದು ತುಂಡು.